ಕತ್ತಿನ ನರ ಒತ್ತಿದೆಯೆಂದು ಸ್ಕ್ಯಾನ್ ಇಲ್ಲದೆ ಹೇಳಬಹುದೇ?

ಪ್ರಶ್ನೆ: ನನಗೆ 46 ವರ್ಷ, ಹೊಲಿಗೆ ನನ್ನ ವೃತ್ತಿ. ಮೂರು ವಾರಗಳಿಂದ ಕತ್ತಿನ ಬಲಭಾಗದ ನೋವು ರಟ್ಟೆಯ ಹಿಂಭಾಗದಿಂದ ನಡುಬೆರಳಿನವರೆಗೆ ಇಳಿಯುತ್ತಿದೆ. ಆ ಬೆರಳು ಜೋಮು ಹಿಡಿದಂತಿರುತ್ತದೆ. ವೈದ್ಯರು ಕತ್ತು ತಿರುಗಿಸಿ, ಮೊಣಕೈಗೆ ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿ, ಕತ್ತಿನಲ್ಲಿ ನರ ಒತ್ತಿದೆ, ಎಂ.ಆರ್.ಐ. ಸದ್ಯಕ್ಕೆ ಬೇಡ ಎಂದರು. ಇದನ್ನು ನಂಬಬಹುದೇ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ನಂಬಬಹುದು. ಕತ್ತಿನಿಂದ ಕೈಗೆ ಇಳಿಯುವ ಪ್ರತಿಯೊಂದು ನರಕ್ಕೂ ಕೈಯಲ್ಲಿ ತನ್ನದೇ ಆದ ಚರ್ಮದ ಭಾಗ ಮತ್ತು ಸ್ನಾಯುಗಳು ಇರುವುದರಿಂದ, ತೊಂದರೆ ಯಾವ ನರದ್ದೆಂಬುದನ್ನು ಕೈಯೇ ಬಹುಮಟ್ಟಿಗೆ ತಿಳಿಸುತ್ತದೆ. ಹೆಬ್ಬೆರಳಿನ ಜೋಮು ಸಾಮಾನ್ಯವಾಗಿ ಕತ್ತಿನ ಮೇಲಿನಿಂದ ಎಣಿಸಿದಾಗ ಆರನೆಯ ನರವನ್ನೂ, ಕಿರುಬೆರಳಿನದು ಎಂಟನೆಯದನ್ನೂ ಸೂಚಿಸುತ್ತದೆ. ನೀವು ಬರೆದಿರುವ ಲಕ್ಷಣಗಳು ಏಳನೆಯ ನರಕ್ಕೆ ಹೊಂದುತ್ತವೆ. ಕತ್ತಿನಲ್ಲಿ ಹೆಚ್ಚಾಗಿ ಒತ್ತಡಕ್ಕೆ ಸಿಲುಕುವುದೂ ಅದೇ.

ಆದರೆ ಹೊಲಿಗೆ ಮಾಡುವವರಲ್ಲಿ ನಡುಬೆರಳಿನ ಜೋಮಿಗೆ ಇನ್ನೊಂದು ಕಾರಣವೂ ಇರಬಹುದು: ಮಣಿಕಟ್ಟಿನಲ್ಲಿ ನರ ಒತ್ತಿದರೂ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತವೆ, ವಿಶೇಷವಾಗಿ ರಾತ್ರಿಯಲ್ಲಿ. ಇವೆರಡನ್ನು ಬೇರ್ಪಡಿಸುವಲ್ಲಿ ಆ ಸುತ್ತಿಗೆಯ ಬೆಲೆ ದೊಡ್ಡದು. ಮೊಣಕೈ ಹಿಂಭಾಗದಲ್ಲಿ ತಟ್ಟಿದಾಗ ಮುಂಗೈ ಸಣ್ಣಗೆ ಚಿಮ್ಮಬೇಕು. ಎಡಗೈಗಿಂತ ಬಲಗೈಯಲ್ಲಿ ಅದು ಮಂದವಾಗಿದ್ದು, ಮಡಚಿದ ಮೊಣಕೈಯನ್ನು ವೈದ್ಯರ ತಡೆಗೆ ವಿರುದ್ಧವಾಗಿ ನೇರಗೊಳಿಸುವ ಶಕ್ತಿಯೂ ಕುಗ್ಗಿದ್ದರೆ, ತೊಂದರೆ ಮಣಿಕಟ್ಟಿನದಲ್ಲ, ಏಕೆಂದರೆ ಮಣಿಕಟ್ಟಿನ ಒತ್ತಡ ಮೊಣಕೈಯ ಮೇಲಿನ ಸ್ನಾಯುವನ್ನು ಮುಟ್ಟುವುದಿಲ್ಲ.

ಕತ್ತನ್ನು ನೋವಿರುವ ಕಡೆಗೆ ಬಾಗಿಸಿ ತಲೆಯ ಮೇಲಿನಿಂದ ಮೆಲ್ಲನೆ ಒತ್ತುವುದು ಸ್ಪರ್ಲಿಂಗ್ ಪರೀಕ್ಷೆ. ಆಗ ಕತ್ತು ನೊಂದರೆ ಸಾಲದು, ನೋವು ತೋಳಿಗೆ ಇಳಿಯಬೇಕು. ತಲೆಯನ್ನು ಮೇಲಕ್ಕೆ ಹಗುರವಾಗಿ ಎಳೆದಾಗ ಅದೇ ನೋವು ತಗ್ಗಿದರೆ ಅನುಮಾನ ಬಲಗೊಳ್ಳುತ್ತದೆ. ತೋಳನ್ನು ಚಾಚಿ ನರವನ್ನು ಹಂತಹಂತವಾಗಿ ಎಳೆಯುವ ಪರೀಕ್ಷೆಯಲ್ಲಿ ಏನೂ ಆಗದಿದ್ದರೆ, ಕತ್ತಿನ ನರ ಒತ್ತಿರುವ ಸಾಧ್ಯತೆ ತೀರ ಕಡಿಮೆ. ಈ ಮೂರೂ ಪರೀಕ್ಷೆಗಳು ನರದ ಒತ್ತಡವನ್ನೇ ಸೂಚಿಸಿ, ಜೊತೆಗೆ ನೋವಿನ ಕಡೆಗೆ ಕತ್ತು 60 ಡಿಗ್ರಿಯಷ್ಟೂ ತಿರುಗದಿದ್ದರೆ ರೋಗನಿರ್ಣಯ ಸುಮಾರು ಶೇಕಡ 90ರಷ್ಟು ಖಚಿತವೆಂದು 2003ರ ಅಧ್ಯಯನವೊಂದು ತೋರಿಸಿತು. ಅದು ಚಿಕ್ಕ ಅಧ್ಯಯನವಾದರೂ, ಒಂದೇ ಪರೀಕ್ಷೆಯನ್ನು ನೆಚ್ಚದೆ ಹಲವನ್ನು ಕೂಡಿಸಿ ನೋಡಬೇಕೆಂಬ ಕ್ರಮವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ.

ನಿಮ್ಮ ವಯಸ್ಸಿನಲ್ಲಿ ಯಾವ ನೋವೂ ಇಲ್ಲದ ಅನೇಕರ ಎಂ.ಆರ್.ಐ.ಯಲ್ಲೂ ಉಬ್ಬಿದ ಡಿಸ್ಕ್ (ಕತ್ತಿನ ಮೂಳೆಗಳ ನಡುವಿನ ಮೆತ್ತೆ) ಕಾಣುತ್ತದೆ. ಪರೀಕ್ಷೆಯಲ್ಲಿ ಕಂಡ ನರಕ್ಕೂ ಚಿತ್ರದಲ್ಲಿ ಕಂಡ ಜಾಗಕ್ಕೂ ತಾಳೆಯಾದಾಗ ಮಾತ್ರ ಆ ಚಿತ್ರಕ್ಕೆ ಅರ್ಥವಿರುತ್ತದೆ.

ಈ ಪರೀಕ್ಷೆಗಳನ್ನು ಮನೆಯಲ್ಲಿ ಮಾಡಿಕೊಳ್ಳಬೇಡಿ. ಕ್ಷೌರದಂಗಡಿಯಲ್ಲಾಗಲಿ ಬೇರೆಲ್ಲಾಗಲಿ ಕತ್ತಿನ ನೆಟಿಗೆ ತೆಗೆಸುವುದಂತೂ ಖಂಡಿತ ಬೇಡ. ಪೆಟ್ಟು ಬಿದ್ದವರಿಗೆ ಮತ್ತು ಸಂಧಿವಾತದಿಂದ ಕತ್ತಿನ ಮೂಳೆ ಸಡಿಲವಾಗಿರುವವರಿಗೆ ವೈದ್ಯರೂ ಕತ್ತನ್ನು ಒತ್ತಿ ನೋಡುವುದಿಲ್ಲ.

ಹೆಚ್ಚಿನವರಿಗೆ ಕೆಲವು ವಾರಗಳಿಂದ ಕೆಲವು ತಿಂಗಳೊಳಗೆ ಶಸ್ತ್ರಚಿಕಿತ್ಸೆಯಿಲ್ಲದೆ ಗುಣವಾಗುತ್ತದೆ. ಆರು ವಾರಗಳಾದರೂ ನೋವು ತಗ್ಗದಿದ್ದರೆ ಎಂ.ಆರ್.ಐ. ಬಗ್ಗೆ ವೈದ್ಯರನ್ನು ಮತ್ತೆ ಕೇಳಿ. ಕೈಯ ಶಕ್ತಿ ದಿನೇದಿನೇ ಕುಗ್ಗುತ್ತಿದ್ದರೆ, ಗುಂಡಿ ಹಾಕಲು ಬೆರಳು ತಡವರಿಸಿದರೆ, ನಡಿಗೆ ತೂರಾಡಿದರೆ, ಮೂತ್ರದ ಹಿಡಿತ ತಪ್ಪಿದರೆ, ಅಥವಾ ನೋವಿನೊಂದಿಗೆ ಜ್ವರ ಬಂದರೆ, ಬೆನ್ನುಹುರಿಗೇ ಅಪಾಯವಿರಬಹುದಾದ್ದರಿಂದ ಒಂದು ದಿನವೂ ಕಾಯದೆ ಆಸ್ಪತ್ರೆಗೆ ಹೋಗಿ.