ಹಳೇ ಪ್ರಿಂಟರ್, ಹೊಸ ಕಂಪ್ಯೂಟರ್

ಪ್ರಶ್ನೆ: ನಮ್ಮ ಸಹಕಾರ ಸಂಘದ ಲೇಸರ್ ಪ್ರಿಂಟರ್ ವಿಂಡೋಸ್ 7 ಕಂಪ್ಯೂಟರಿಗೆ ಹಾಕಿದ್ದು, ಎಲ್ಲರೂ ಶೇರ್ ಮಾಡಿಕೊಂಡಿದ್ದೆವು. ಈಗ ವಿಂಡೋಸ್ 11 ಕಂಪ್ಯೂಟರ್ ಬಂದಿದೆ. ಅದರಲ್ಲಿ ಸೇರಿಸಲು ಹೋದರೆ ಸೊನ್ನೆಗಳ ಸಾಲಿನ ಕೊನೆಗೆ ‘11ಬಿ’ ಎಂಬ ಎರರ್. ಪ್ರಿಂಟರ್ ಹಾಳಾಯಿತಾ?
– ಓದುಗರು, ತಿಪಟೂರು

ಉತ್ತರ: ಹಳೇ ಕಂಪ್ಯೂಟರಿನಿಂದ ಪ್ರಿಂಟ್ ಬರ್ತಿದೆ ಅಲ್ವಾ? ಹಾಗಾದರೆ ಪ್ರಿಂಟರಿಗೆ ಏನೂ ಆಗಿಲ್ಲ, ಸುಮ್ನೆ ಗುಜರಿಗೆ ಹಾಕಬೇಡಿ. 2021ರಲ್ಲಿ ವಿಂಡೋಸ್ ಅಪ್‌ಡೇಟಿನಿಂದ ಭದ್ರತೆಗಾಗಿ ಶೇರ್ ಪ್ರಿಂಟರಿನ ನಿಯಮ ಬಿಗಿಯಾಯಿತು. ವಿಂಡೋಸ್ 7ಕ್ಕೆ ಸಾಮಾನ್ಯ ಅಪ್‌ಡೇಟ್ 2020ರ ಜನವರಿಯಲ್ಲೇ ನಿಂತಿತ್ತು, ಹಾಗಾಗಿ ಎರಡಕ್ಕೂ ಹೊಂದಾಣಿಕೆ ಇಲ್ಲ.

ರಿಜಿಸ್ಟ್ರಿ (ವಿಂಡೋಸಿನ ಒಳಗಿನ ಸೆಟ್ಟಿಂಗ್‌ಗಳ ಪಟ್ಟಿ) ತಿದ್ದಿ ಅಂತ ಜಾಸ್ತಿ ಜನ ಹೇಳುತ್ತಾರೆ. ನನಗೆ ಅದು ಇಷ್ಟವಿಲ್ಲ, ಭದ್ರತೆಗಾಗಿ ಮುಚ್ಚಿದ ಕಿಂಡಿ ಮತ್ತೆ ತೆರೆದುಕೊಳ್ಳುತ್ತದೆ.

ಬದಲಿಗೆ ಹೊಸ ಕಂಪ್ಯೂಟರಿನಲ್ಲಿ ಪ್ರಿಂಟರನ್ನು ಅದರದ್ದೇ ಎಂಬಂತೆ ಸೇರಿಸಿ. ‘ಲೋಕಲ್ ಪ್ರಿಂಟರ್’ ಆರಿಸಿ, ಹೊಸ ‘ಲೋಕಲ್ ಪೋರ್ಟ್’ ಮಾಡಿ. ಪೋರ್ಟಿನ ಹೆಸರು ಕೇಳಿದಾಗ ಎರಡು ಬ್ಯಾಕ್‌ಸ್ಲ್ಯಾಶ್, ಹಳೇ ಕಂಪ್ಯೂಟರಿನ ಹೆಸರು, ಇನ್ನೊಂದು ಬ್ಯಾಕ್‌ಸ್ಲ್ಯಾಶ್, ಪ್ರಿಂಟರಿನ ಶೇರ್ ಹೆಸರು (ಶೇರ್ ಮಾಡುವಾಗ ಕೊಟ್ಟದ್ದು), ಇಷ್ಟನ್ನೂ ಒಟ್ಟಿಗೆ ಟೈಪ್ ಮಾಡಿ. ಶೇರ್ ಹೆಸರು ಚಿಕ್ಕದಾಗಿ, ನಡುವೆ ಸ್ಪೇಸ್ ಇಲ್ಲದೆ ಇದ್ದರೆ ಒಳ್ಳೆಯದು. ಆಮೇಲೆ ಡ್ರೈವರ್ (ಪ್ರಿಂಟರ್ ನಡೆಸುವ ತಂತ್ರಾಂಶ) ಹಾಕಿ. ವಿಂಡೋಸ್ 11 ಇರುವುದೇ 64 ಬಿಟ್, ಹಳೇ ಸಿ.ಡಿ.ಯಲ್ಲಿರುವ 32 ಬಿಟ್ ಡ್ರೈವರ್ ನಡೆಯುವುದಿಲ್ಲ.

‘ಆಕ್ಸೆಸ್ ಡಿನೈಡ್’ ಬಂದರೆ ಹಳೇ ಕಂಪ್ಯೂಟರಿನಲ್ಲಿ ಪಾಸ್‌ವರ್ಡ್ ಇರುವ ಒಂದು ಯೂಸರ್ ಮಾಡಿ, ಆ ಹೆಸರು, ಪಾಸ್‌ವರ್ಡನ್ನು ಹೊಸದರಲ್ಲಿ ಪಾಸ್‌ವರ್ಡ್ ಉಳಿಸಿಡುವ ‘ಕ್ರೆಡೆನ್ಶಿಯಲ್ ಮ್ಯಾನೇಜರ್’ಗೆ ಸೇರಿಸಿ. ಪ್ರಿಂಟ್ ಬೇಕಾದಾಗೆಲ್ಲ ಹಳೇ ಕಂಪ್ಯೂಟರ್ ಆನ್ ಇರಲೇಬೇಕು, ಆದರೆ ಅದರಲ್ಲಿ ಇಂಟರ್‌ನೆಟ್ ಬಳಸಬೇಡಿ.