ಹಿತ್ತಿಲ ಮಾತು: ಕಾರವಾರದಲ್ಲಿ ಬ್ಲ್ಯಾಕ್‌ಕರಂಟ್ ಬೆಳೆಯಬಹುದೇ?

ಪ್ರಶ್ನೆ: ಅಕ್ಕಾ, ನಮ್ಮ ಮನೆ ಸದಾಶಿವಗಡದಲ್ಲಿ. ಹಿತ್ತಿಲಲ್ಲಿ ಎರಡು ಗುಂಟೆ ಖಾಲಿ ಇದೆ, ಚಿರೆಕಲ್ಲಿನ ನೆಲ. ಮಗಳಿಗೆ ಬ್ಲ್ಯಾಕ್‌ಕರಂಟ್ ಐಸ್‌ಕ್ರೀಮ್ ಎಂದರೆ ಪ್ರಾಣ. ಬ್ಲ್ಯಾಕ್‌ಕರಂಟ್, ಬ್ಲೂಬೆರಿ, ಸ್ಟ್ರಾಬೆರಿ ಗಿಡಗಳು ಕೊರಿಯರ್‌ನಲ್ಲಿ ಸಿಗುತ್ತವಂತೆ. ಯಾವ ತಳಿ ತರಿಸಲಿ?
— ಓದುಗರೊಬ್ಬರು, ಕಾರವಾರ

ಉತ್ತರ: ಹಣ ಇನ್ನೂ ಕಳಿಸಿಲ್ಲ ತಾನೇ? ನಾನು ಕಳಿಸಿ ಬುದ್ಧಿ ಕಲಿತವಳು. ಶಿರಸಿಯ ನಮ್ಮ ಅಂಗಳದಲ್ಲಿ ಎರಡು ಬ್ಲ್ಯಾಕ್‌ಕರಂಟ್ ಗಿಡ ನೆಟ್ಟು ಬಾಣಂತಿಯಂತೆ ನೋಡಿಕೊಂಡೆ. ನಾಲ್ಕು ಎಲೆ ಬಂತು, ಹೂವಿನ ಸುದ್ದಿಯೇ ಇಲ್ಲ. ಎರಡನೆಯ ಆಷಾಢದಲ್ಲಿ ಬೇರು ಕೊಳೆಯಿತು. ತೋಟದ ಕೆಲಸಕ್ಕೆ ಬರುವವನು ಅದನ್ನು ‘ಕರೆಂಟ್ ಗಿಡ’ ಎನ್ನುತ್ತಿದ್ದ. ಮಳೆಗೆ ಕರೆಂಟ್ ಹೋಗುವುದು ನಮ್ಮೂರಲ್ಲಿ ಹೊಸತೇನಲ್ಲ.

ಅದು ಹಿಮ ಬೀಳುವ ನಾಡಿನ ಪೊದೆ. ಚಳಿಗಾಲದಲ್ಲಿ ಎಲೆ ಉದುರಿಸಿ ಮಲಗುವ ಮೊಗ್ಗು ಏಳಬೇಕಾದರೆ 7 ಡಿಗ್ರಿಗಿಂತ ಕೆಳಗಿನ ಚಳಿ ನೂರಾರು ಗಂಟೆ ಬೇಕು. ಹಲವು ತಳಿಗಳಿಗೆ ಸಾವಿರಕ್ಕೂ ಹೆಚ್ಚು. ಕಂಬಳಿ ಹೊದೆಯುವ ಶಿರಸಿಯಲ್ಲೇ ಅಷ್ಟು ಚಳಿ ಇಲ್ಲದ ಮೇಲೆ ಕಾರವಾರದ ಮಾತೇಕೆ? ಅಂದ ಹಾಗೆ, ಒಣಹಣ್ಣಿನ ಅಂಗಡಿಯಲ್ಲಿ ‘ಬ್ಲ್ಯಾಕ್‌ಕರಂಟ್’ ಎಂದು ಮಾರುವುದು ಹೆಚ್ಚಾಗಿ ಕಪ್ಪು ಒಣದ್ರಾಕ್ಷಿ.

ಬ್ಲೂಬೆರಿಗೆ ನಮ್ಮ ಹುಳಿಮಣ್ಣು ಒಗ್ಗೀತು, ಮಳೆ ಒಗ್ಗದು. ಹಟವಿದ್ದರೆ ಬಿಲಾಕ್ಸಿಯಂಥ ಕಡಿಮೆ ಚಳಿ ಬೇಡುವ ತಳಿಯೊಂದನ್ನು ಕುಂಡದಲ್ಲಿಟ್ಟು, ಮಳೆಗಾಲದಲ್ಲಿ ಮಾಡಿನ ಕೆಳಗೆ ಸರಿಸಿ. ಸ್ಟ್ರಾಬೆರಿಯಾದರೆ ಮಹಾಬಲೇಶ್ವರದವರು ಬೆಳೆಸುವ ವಿಂಟರ್ ಡಾನ್ ಸಸಿಯನ್ನು ಮಳೆ ನಿಂತ ಮೇಲೆ ಕುಂಡಕ್ಕೆ ಹಾಕಿ. ಸುಳಿ ಮಣ್ಣಿನಲ್ಲಿ ಹೂತುಹೋಗಬಾರದು. ಒಂದು ಚಳಿಗಾಲದ ಸಂಭ್ರಮ, ಅಷ್ಟೇ.

ನಿಮ್ಮ ಚಿರೆನೆಲಕ್ಕೆ ಹೇಳಿ ಮಾಡಿಸಿದ್ದು ಕವಳಿ, ಕೆಲವರು ಕರಂಡೆ ಎನ್ನುವ ಮುಳ್ಳುಪೊದೆ. ಮುಖ ತಿರುಗಿಸಬೇಡಿ! ಪೂರ್ತಿ ಕಪ್ಪಾದ ಕವಳಿ ಹಣ್ಣನ್ನು ಸ್ಟೀಲ್ ಪಾತ್ರೆಯಲ್ಲಿ ಸಕ್ಕರೆ ಹಾಕಿ ಬೇಯಿಸಿ, ಸೋಸಿ, ತಣಿದ ರಸವನ್ನು ಕೆನೆಗೆ ಕಲಸಿ ಮಗಳ ಮುಂದಿಡಿ. ಆ ಕಡುಗೆಂಪು, ಆ ಹುಳಿ ಕಂಡರೆ ಅವಳು ಬ್ಲ್ಯಾಕ್‌ಕರಂಟ್ ಕೇಳಲಿಕ್ಕಿಲ್ಲ. ಬೇಕರಿ ಕೇಕಿನ ಮೇಲಿನ ‘ಚೆರ್ರಿ’ಯೂ ಎಷ್ಟೋ ಸಲ ಬಣ್ಣ ಕುಡಿದ ಕವಳಿಯೇ.

ತಳಿ ಕೇಳಿದಿರಲ್ಲ: ಮಹಾರಾಷ್ಟ್ರದ ದಾಪೋಳಿಯ ಕೃಷಿ ವಿಶ್ವವಿದ್ಯಾಲಯದ ‘ಕೊಂಕಣ ಬೋಲ್ಡ್’ ದಪ್ಪ ಹಣ್ಣಿನದು, ಅಲ್ಲಿಯದೂ ನಿಮ್ಮಂಥದೇ ನೆಲ, ನಿಮ್ಮಂಥದೇ ಮಳೆ. ಆದರೆ ನನ್ನ ಮನಸ್ಸು ಬೆಟ್ಟದ ಕಡೆಗೇ. ಮೇ ತಿಂಗಳಲ್ಲಿ ಹೋಗಿ ಒಂದೊಂದು ಪೊದೆಯ ಹಣ್ಣನ್ನೂ ತಿಂದು ನೋಡುತ್ತೇನೆ. ಕೆಲವು ಬರೀ ಒಗರು, ಕೆಲವು ಬೀಜವೇ ಹೆಚ್ಚು. ಹಿಡಿಸಿದ ಪೊದೆಗೆ ಹಳೆಯ ಸೀರೆಯ ಅಂಚು ಕಟ್ಟಿ ಬಂದು, ಮಳೆ ಹಿಡಿದ ಮೇಲೆ ಅದರದೇ ಟೊಂಗೆಗೆ ಗೂಟಿ ಕಟ್ಟುತ್ತೇನೆ, ಅಂದರೆ ಟೊಂಗೆ ಗಿಡದಲ್ಲಿರುವಾಗಲೇ ಬೇರು ಬರಿಸಿ ಸಸಿ ಮಾಡಿಕೊಳ್ಳುತ್ತೇನೆ. ಬೀಜದ ಸಸಿ ತಾಯಿಯಂತೆಯೇ ಹಣ್ಣು ಕೊಡುತ್ತದೆಂಬ ಭರವಸೆಯಿಲ್ಲ. ಬೀಜವೇ ಗತಿಯೆಂದಾದರೆ ಹಣ್ಣಿನಿಂದ ತೆಗೆದ ಕೂಡಲೇ ಬಿತ್ತಿ, ಒಣಗಿಸಿಟ್ಟರೆ ಹುಟ್ಟುವುದು ಕಷ್ಟ. ಬೇಲಿಗಾದರೆ ಮೂರಡಿಗೊಂದು, ಹಣ್ಣಿಗಾದರೆ ಎಂಟಡಿಗೊಂದು ಇರಲಿ. ಕೊಯ್ಯುವ ಮೊದಲು ಕೈಗೆ ತೆಂಗಿನೆಣ್ಣೆ ಸವರಿಕೊಳ್ಳಿ. ತೊಟ್ಟು ಮುರಿದ ಕೂಡಲೇ ಬಿಳಿ ಹಾಲು ಒಸರಿ ಬೆರಳಿಗೆ ಮೇಣದಂತೆ ಅಂಟುತ್ತದೆ. ಮುಳ್ಳಿಗೆ ಮಾತ್ರ ನನ್ನಲ್ಲಿ ಮದ್ದಿಲ್ಲ.

ಪ್ರಶ್ನೆ: ಹಿಪ್ಪುನೇರಳೆ ಗಿಡ ಆಳೆತ್ತರ ಬೆಳೆದಿದೆ, ಹಣ್ಣಿಲ್ಲ.
— ಓದುಗರೊಬ್ಬರು, ಯಲ್ಲಾಪುರ

ಉತ್ತರ: ರೇಷ್ಮೆ ಬೆಳೆಗಾರರಿಂದ ತಂದ ಕಡ್ಡಿಯೇ? ಅವರು ಎಲೆಗಾಗಿ ಆರಿಸಿದ ತಳಿ ಅದು. ಮಳೆ ಮುಗಿದ ಮೇಲೆ ಒಮ್ಮೆ ಟೊಂಗೆ ಕತ್ತರಿಸಿ, ಹೊಸ ಚಿಗುರಿನಲ್ಲಿ ಹೂ ಬರುತ್ತದೆ. ಆ ಹೂ ಕಾಯಿ ಕಟ್ಟದೆ ಹಳದಿ ಪುಡಿ ಉದುರಿಸಿ ಬಿದ್ದುಹೋದರೆ ಗಂಡು ಗಿಡ. ಆಡಿಗೆ ಸೊಪ್ಪಾಯಿತು ಎಂದುಕೊಳ್ಳಿ.