ಓಡುವ ಕಾರಿನಲ್ಲಿ ತಂಬೂರಿಯ ಶ್ರುತಿ

ಮಾನ್ಯರೇ,

ನಿಮ್ಮ ನಾಲ್ಕು ಪುಟಗಳ ಪತ್ರ ತಲುಪಿತು. ಹಲವು ವರ್ಷ ಹಣ ಕೂಡಿಟ್ಟು ಮೂರು ತಿಂಗಳ ಹಿಂದೆ ಐಷಾರಾಮಿ ಸೆಡಾನ್ ಒಂದನ್ನು ಕೊಂಡಿದ್ದೀರಿ. ಹೆಚ್ಚುವರಿ ಹಣ ತೆತ್ತು ಇಪ್ಪತ್ತಕ್ಕೂ ಹೆಚ್ಚು ಸ್ಪೀಕರುಗಳ ಪ್ರೀಮಿಯಂ ಸೌಂಡ್ ಸಿಸ್ಟಮ್ ಇರುವ ಮಾದರಿಯನ್ನೇ ಆರಿಸಿಕೊಂಡಿದ್ದೀರಿ. ಮೊದಲ ಸಂಜೆ, ಮೂವತ್ತು ವರ್ಷಗಳಿಂದ ಕೇಳುತ್ತ ಬಂದ ವೀಣಾವಾದನವೊಂದನ್ನು ಹಾಕಿದಾಗ ಹಿನ್ನೆಲೆಯ ತಂಬೂರಿಯ ನಾಲ್ಕು ತಂತಿಗಳೂ ಬೇರೆಬೇರೆಯಾಗಿ ಕೇಳಿಸಿದವೆಂದೂ, ರಾಗ ಮುಗಿಯುವವರೆಗೆ ನಿಂತ ಕಾರಿನಿಂದ ಇಳಿಯಲು ಮನಸ್ಸು ಬರಲಿಲ್ಲವೆಂದೂ ಬರೆದಿದ್ದೀರಿ. ಅದರ ಬೆನ್ನಿಗೇ ನಿಮ್ಮ ಸಂದೇಹಗಳಿವೆ. ಕೊಟ್ಟ ಹಣಕ್ಕೆ ಕಿವಿ ಹೀಗೆ ಸಮಾಧಾನ ಹೇಳಿಕೊಳ್ಳುತ್ತಿದೆ ಅಷ್ಟೆ ಎಂದು ನಿಮ್ಮ ಭಾವಮೈದುನರು ಹೇಳುತ್ತಾರೆ. ಹೆದ್ದಾರಿಗೆ ಇಳಿದರೆ ಆ ತಂಬೂರಿ ಮಾಯವಾಗುತ್ತದೆ. ವೀಣೆ ನಡುವಿನಿಂದ ಕೇಳುತ್ತದೆ ಎಂದು ನೀವು ಅಂದರೆ, ಪಕ್ಕದಲ್ಲಿ ಕುಳಿತ ನಿಮ್ಮ ಮನೆಯವರು ಅದು ತಮ್ಮ ಕಡೆಗೇ ವಾಲಿದೆ ಎನ್ನುತ್ತಾರೆ. ಫೋನಿನಿಂದ ಕೇಳುವುದು ಒಳ್ಳೆಯದೋ ಪೆನ್‌ಡ್ರೈವಿನಿಂದಲೋ ಎಂಬ ಪ್ರಶ್ನೆಯಿದೆ. ನಿಂತ ಕಾರಿನಲ್ಲಿ ಕೇಳಿದರೆ ಬ್ಯಾಟರಿಗೆ ತೊಂದರೆಯೇ ಎಂಬ ಅನುಮಾನವಿದೆ. ಕೊನೆಯಲ್ಲಿ, ಮೃದಂಗದ ಎಡಬದಿಯ ‘ಗುಂ’ ಬಂದಾಗಲೆಲ್ಲ ಹಿಂದಿನಿಂದ ಏನೋ ಜಿರ್ರೆನ್ನುತ್ತದೆ ಎಂಬ ದೂರಿದೆ.

ನಿಮ್ಮ ಕಿವಿ ಸುಳ್ಳು ಹೇಳುತ್ತಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ನಿಮ್ಮ ಭಾವಮೈದುನರ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಬೆಲೆ ಗೊತ್ತಿದ್ದಾಗ ನಾವು ಕೇಳುವ ರೀತಿಯೇ ಬದಲಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಎರಡು ವ್ಯವಸ್ಥೆಗಳಲ್ಲಿ ಯಾವುದು ಒಂದೆರಡು ಡೆಸಿಬೆಲ್ ಜೋರಾಗಿದೆಯೋ ಅದೇ ಉತ್ತಮವೆಂದು ಕಿವಿ ತೀರ್ಪು ಕೊಟ್ಟುಬಿಡುತ್ತದೆ. ಆದ್ದರಿಂದ ಹಳೆಯ ಕಾರು ಇನ್ನೂ ನಿಮ್ಮ ಬಳಿಯಿದ್ದರೆ, ಎರಡನ್ನೂ ಒಂದೇ ಕಡೆ ನಿಲ್ಲಿಸಿ, ಫೋನಿನ ಡೆಸಿಬೆಲ್ ಮಾಪಕದ ನೆರವಿನಿಂದ ಎರಡರ ಸದ್ದನ್ನೂ ಒಂದೇ ಮಟ್ಟಕ್ಕೆ ತಂದು, ಅದೇ ಧ್ವನಿಮುದ್ರಿಕೆಯ ಅದೇ ಎರಡು ನಿಮಿಷಗಳನ್ನು ಕೇಳಿ. ಭಾವಮೈದುನರನ್ನೂ ಕೂರಿಸಿಕೊಳ್ಳಿ. ‘ಯಾವುದು ಚೆನ್ನಾಗಿದೆ’ ಎಂದು ಕೇಳುವ ಬದಲು ‘ತಂಬೂರಿಯ ಪಂಚಮದ ತಂತಿ ಯಾವಾಗ ಮೀಟಿತು’ ಎಂದು ಕೇಳಿ. ಇಷ್ಟಾನಿಷ್ಟದ ಬಗ್ಗೆ ವಾದ ಹೂಡಬಹುದು, ಆದರೆ ಕೇಳಿಸದ ತಂತಿಯನ್ನು ಕೇಳಿಸಿತೆಂದು ಯಾರೂ ಗುರುತಿಸಿ ತೋರಿಸಲಾರರು.

ಆ ತಂತಿ ನಿಮಗೆ ಈಗ ಕೇಳಿಸಿದ್ದಕ್ಕೆ ಸ್ಪೀಕರು ಎಷ್ಟು ಕಾರಣವೋ ಅದಕ್ಕಿಂತ ಹೆಚ್ಚಿನ ಕಾರಣ ಕಾರಿನ ಮೌನ. ಈ ಒಂದು ಸಂಗತಿಯನ್ನು ಜಾಹೀರಾತುಗಳು ಹೇಳುವುದಿಲ್ಲ, ಹೇಳಬೇಕಾದದ್ದು ಅದೇ. ಧ್ವನಿಮುದ್ರಣದಲ್ಲಿ ತಂಬೂರಿ ವೀಣೆಗಿಂತ ಬಹಳ ತಗ್ಗಿನಲ್ಲಿರುತ್ತದೆ. ಸುತ್ತಲಿನ ಸದ್ದು ಅದರ ಮಟ್ಟಕ್ಕಿಂತ ಮೇಲೆ ಹೋದೊಡನೆ, ಎಷ್ಟೇ ಉತ್ತಮ ಸ್ಪೀಕರಿದ್ದರೂ ಕಿವಿಗೆ ಅದು ಇಲ್ಲವಾಗುತ್ತದೆ. ಸದ್ದಿಲ್ಲದ ಜಾಗದಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಸದ್ದು ಸುಮಾರು 35 ಡೆಸಿಬೆಲ್ ಇದ್ದರೆ, ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಒಳ್ಳೆಯ ಕಾರಿನಲ್ಲೂ ಅದು 60ರಿಂದ 65ಕ್ಕೆ ಏರುತ್ತದೆ; ಸಾಧಾರಣ ಕಾರಿನಲ್ಲಿ 70ನ್ನು ಮುಟ್ಟುತ್ತದೆ. ಹೆದ್ದಾರಿಯಲ್ಲಿ ನಿಮ್ಮ ತಂಬೂರಿ ಮಾಯವಾಗುವುದು ಹೀಗೆ. ಕೊಂಡ ವ್ಯವಸ್ಥೆಯಲ್ಲಿ ದೋಷವಿದೆ ಎಂದು ದಯವಿಟ್ಟು ಕೊರಗಬೇಡಿ.

ನಿಮ್ಮ ಹಣದ ದೊಡ್ಡ ಪಾಲು ಈ ಸದ್ದನ್ನು ತಡೆಯುವುದಕ್ಕೇ ಹೋಗಿದೆ. ಎರಡು ಗಾಜಿನ ಹಾಳೆಗಳ ನಡುವೆ ಮೆದುವಾದ ಪ್ಲಾಸ್ಟಿಕ್ ಪದರವಿರುವ ಕಿಟಕಿ ಗಾಜು, ಬಾಗಿಲಿಗೆ ಎರಡು ಮೂರು ಸುತ್ತಿನ ರಬ್ಬರ್ ಪಟ್ಟಿ, ನೆಲದ ತಗಡಿಗೆ ಅಂಟಿಸಿದ ಭಾರದ ಹಾಸು, ಇವೆಲ್ಲ ಬಿಡಿಭಾಗಗಳ ಪಟ್ಟಿಯಲ್ಲಿ ಸೌಂಡ್ ಸಿಸ್ಟಮ್ ಎಂಬ ಹೆಸರಿನಡಿ ಬರುವುದಿಲ್ಲ. ಸೆಡಾನಿನ ಆಕಾರವೂ ಇಲ್ಲಿ ಸಹಾಯಕ್ಕೆ ಬರುತ್ತದೆ: ಡಿಕ್ಕಿ ಬೇರೆಯೇ ಕೋಣೆಯಾಗಿರುವುದರಿಂದ ಹಿಂದಿನ ಟೈರುಗಳ ಮೊರೆತ ಒಳಗಿನವರೆಗೆ ಅಷ್ಟಾಗಿ ಬರುವುದಿಲ್ಲ. ಆದ್ದರಿಂದ ಟೈರು ಬದಲಿಸುವ ಕಾಲ ಬಂದಾಗ ಸದ್ದು ಕಡಿಮೆ ಮಾಡುವ ಟೈರನ್ನೇ ಕೇಳಿ ಹಾಕಿಸಿ, ಗಾಳಿಯ ಒತ್ತಡವನ್ನು ಕಾರಿನ ಪುಸ್ತಕದಲ್ಲಿ ಹೇಳಿದಷ್ಟೇ ಇಡಿ. ಹೊಸ ಆಂಪ್ಲಿಫೈಯರ್ ಹಾಕಿಸುವುದಕ್ಕಿಂತ ಇದರಿಂದ ಸಂಗೀತಕ್ಕೆ ಹೆಚ್ಚು ಉಪಕಾರವಾದೀತು.

ವೀಣೆ ತಮ್ಮ ಕಡೆಗೇ ವಾಲಿದೆ ಎಂದು ನಿಮ್ಮ ಮನೆಯವರು ಹೇಳಿದ್ದು ಸರಿ, ನಡುವಿನಿಂದ ಬರುತ್ತಿದೆ ಎಂದು ನೀವು ಹೇಳಿದ್ದೂ ಸರಿ. ಕಾರಿನಲ್ಲಿ ಯಾರೂ ಸ್ಪೀಕರುಗಳ ಮಧ್ಯದಲ್ಲಿ ಕೂರುವುದಿಲ್ಲ. ಚಾಲಕನ ಪಕ್ಕದ ಬಾಗಿಲಿನ ಸ್ಪೀಕರು ಕಿವಿಯಿಂದ 70 ಸೆಂಟಿಮೀಟರ್ ದೂರವಿದ್ದರೆ ಆಚೆ ಬದಿಯದು 140 ಸೆಂಟಿಮೀಟರ್ ಇರಬಹುದು. ಶಬ್ದ ಸೆಕೆಂಡಿಗೆ ಸುಮಾರು 343 ಮೀಟರ್ ಚಲಿಸುವುದರಿಂದ ಹತ್ತಿರದ ಸದ್ದು 2 ಮಿಲಿಸೆಕೆಂಡ್ ಮುಂಚೆ ತಲುಪುತ್ತದೆ. ಅಷ್ಟು ಸಾಕು, ಮೊದಲು ಬಂದ ಸದ್ದಿನ ಕಡೆಗೇ ಇಡೀ ಸಂಗೀತ ನಡೆದಿದೆ ಎಂದು ಮಿದುಳು ನಿರ್ಧರಿಸಿಬಿಡುತ್ತದೆ. ಇದನ್ನು ಸರಿಪಡಿಸಲು ವ್ಯವಸ್ಥೆಯೊಳಗಿನ ಪುಟ್ಟ ಕಂಪ್ಯೂಟರು ಹತ್ತಿರದ ಸ್ಪೀಕರನ್ನು ಅಷ್ಟೇ ಹೊತ್ತು ತಡೆದು ನುಡಿಸುತ್ತದೆ. ಹೀಗೆ ಒಂದು ಆಸನಕ್ಕೆ ಲೆಕ್ಕ ಹೊಂದಿಸಿದರೆ ಪಕ್ಕದ ಆಸನಕ್ಕೆ ಅದು ಇನ್ನಷ್ಟು ತಪ್ಪುತ್ತದೆ. ನಿಮ್ಮ ಪರದೆಯಲ್ಲಿ ಕೇಳುವ ಸ್ಥಾನವನ್ನು ಚಾಲಕ, ಮುಂದಿನ ಸಾಲು, ಎಲ್ಲರೂ ಎಂದು ಆರಿಸುವ ಪುಟವಿರುತ್ತದೆ. ಒಬ್ಬರೇ ಇದ್ದಾಗ ‘ಚಾಲಕ’ ಇರಲಿ, ಮನೆಯವರು ಜೊತೆಗಿದ್ದಾಗ ‘ಎಲ್ಲರೂ’ ಇರಲಿ. ಎರಡನೆಯದರಲ್ಲಿ ನಿಮಗೆ ಸ್ವಲ್ಪ ಸ್ಪಷ್ಟತೆ ಕಡಿಮೆಯಾಗುತ್ತದೆ, ನಿಜ. ಆದರೆ ಇಬ್ಬರು ಕೂಡಿ ಕೇಳುವ ಸುಖವೇ ಬೇರೆ, ಅದಕ್ಕಾಗಿ ಅಷ್ಟನ್ನು ಬಿಟ್ಟುಕೊಡಬಹುದೆಂಬುದು ನನ್ನ ಅಭಿಪ್ರಾಯ.

ಕಾರಿನ ಒಳಾಂಗಣವನ್ನೇ ಅಳೆದು ಅದಕ್ಕೆ ತಕ್ಕ ವ್ಯವಸ್ಥೆಯನ್ನು ಕಾರ್ಖಾನೆಯಲ್ಲೇ ಕೂರಿಸುವ ಪದ್ಧತಿಗೆ ಬಹಳ ವಯಸ್ಸಾಗಿಲ್ಲ. ಮೋಟೊರೋಲಾ ಹೆಸರಿನ ಕಾರ್ ರೇಡಿಯೊ ಮಾರುಕಟ್ಟೆಗೆ ಬಂದದ್ದು 1930ರಲ್ಲಿ. ಆಮೇಲೆ ಐದು ದಶಕ ಕಾಲ ಕಾರಿನ ಸಂಗೀತವೆಂದರೆ ಎಲ್ಲೋ ತಯಾರಾದ ಪೆಟ್ಟಿಗೆಯನ್ನು ತಂದು ಡ್ಯಾಶ್‌ಬೋರ್ಡಿನಲ್ಲಿ ತುರುಕುವುದೇ ಆಗಿತ್ತು. 1983ರ ಮಾದರಿಯ ಕ್ಯಾಡಿಲಾಕ್ ಸೆವಿಲ್ ಮುಂತಾದ ಜನರಲ್ ಮೋಟಾರ್ಸ್ ಕಾರುಗಳಿಗಾಗಿ ಬೋಸ್ ಸಂಸ್ಥೆ ಆಯಾ ಕಾರಿನ ಒಳಗನ್ನೇ ಸಂಗೀತದ ಕೋಣೆಯೆಂದು ಎಣಿಸಿ ಧ್ವನಿವ್ಯವಸ್ಥೆ ರೂಪಿಸಿತು. ಮುಂದೆ ಮನೆಯ ಸಂಗೀತ ಉಪಕರಣಗಳಿಗೆ ಹೆಸರಾದವರೆಲ್ಲ ಈ ದಾರಿಗೆ ಬಂದರು: ಲೆಕ್ಸಸ್ ಜೊತೆ ಮಾರ್ಕ್ ಲೆವಿನ್ಸನ್, ಆಡಿ ಜೊತೆ ಬ್ಯಾಂಗ್ ಅಂಡ್ ಓಲುಫ್ಸನ್, ಮರ್ಸಿಡಿಸ್ ಜೊತೆ ಬುರ್ಮೆಸ್ಟರ್, ಬಿಎಂಡಬ್ಲ್ಯು ಮತ್ತು ವೋಲ್ವೊ ಜೊತೆ ಬೋವರ್ಸ್ ಅಂಡ್ ವಿಲ್ಕಿನ್ಸ್. ವೋಲ್ವೊದವರು ಗೋಥೆನ್‌ಬರ್ಗ್ ನಗರದ ಸಂಗೀತ ಸಭಾಂಗಣದ ಅನುರಣನವನ್ನು ಕಾರಿನಲ್ಲಿ ಮರುಸೃಷ್ಟಿಸುವ ಒಂದು ಆಯ್ಕೆಯನ್ನೇ ಕೊಟ್ಟಿದ್ದಾರೆ.

ಸ್ಪೀಕರುಗಳ ಸಂಖ್ಯೆ, ವಾಟ್‌ಗಳ ಮೊತ್ತ ನೋಡಿ ಬೆರಗಾಗಬೇಡಿ, ತಮ್ಮ ಕಾರಿನಲ್ಲಿ ಅವು ಕಡಿಮೆಯೆಂದು ಬೇಸರಿಸಲೂ ಬೇಡಿ. ಮರ್ಸಿಡಿಸ್ ಎಸ್ ಕ್ಲಾಸಿನ ಉನ್ನತ ವ್ಯವಸ್ಥೆಯಲ್ಲಿ 31 ಸ್ಪೀಕರುಗಳೂ 1750 ವಾಟ್‌ಗಳೂ ಇವೆ. ಆದರೆ ವಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್, ಎಂದರೆ ಹತ್ತು ಪಟ್ಟು ವಾಟ್ ಬೇಕು. ಹೆಚ್ಚಿನ ಶಕ್ತಿ ಕೆಲಸಕ್ಕೆ ಬರುವುದು ಕ್ಷಣಾರ್ಧದ ಪೆಟ್ಟುಗಳಲ್ಲಿ, ಮೃದಂಗದ ಬಲಬದಿಯ ಚಾಪು ಒಡೆಯದೆ ಕೇಳಿಸುವುದರಲ್ಲಿ. ಮಂದ್ರದ ಮಟ್ಟಿಗಂತೂ ಕಾರು ಮನೆಯನ್ನೂ ಮೀರಿಸುತ್ತದೆ. 40 ಹರ್ಟ್ಜ್, ಎಂದರೆ ಸೆಕೆಂಡಿಗೆ 40 ಬಾರಿ ಕಂಪಿಸುವ ನಾದದ ಒಂದು ಅಲೆಯ ಉದ್ದ ಎಂಟೂವರೆ ಮೀಟರ್. ಕಾರಿನೊಳಗೆ ಅಷ್ಟು ಜಾಗವಿಲ್ಲದ್ದರಿಂದ ಆ ಅಲೆ ಹರಡುವ ಬದಲು ಒಳಗಿನ ಗಾಳಿಯನ್ನೇ ಒಟ್ಟಾಗಿ ಒತ್ತಿ ಸಡಿಲಿಸುತ್ತದೆ, ಮಂದ್ರನಾದಕ್ಕೆಂದೇ ಇರುವ ಸ್ಪೀಕರಾದ ಸಬ್‌ವೂಫರ್ ಚಿಕ್ಕದಾಗಿದ್ದರೂ ತುಂಬುನಾದ ಬರುತ್ತದೆ. ಇದೇ ಕಾರಣಕ್ಕೆ ಬಾಸ್ ಹೆಚ್ಚಿಸುವ ಗುಂಡಿಗೆ ಕೈ ಹಾಕುವ ಮುನ್ನ ಒಂದು ವಾರ ಅದನ್ನು ಸೊನ್ನೆಯಲ್ಲೇ ಬಿಟ್ಟು ಕೇಳಿ ನೋಡಿ.

ಇನ್ನು ಪೆನ್‌ಡ್ರೈವ್ ಮತ್ತು ಫೋನ್. ಸಿ.ಡಿ.ಯಲ್ಲಿ ಸಂಗೀತ ಸೆಕೆಂಡಿಗೆ 1411 ಕಿಲೋಬಿಟ್ ಹರಿಯುತ್ತದೆ. ಬ್ಲೂಟೂತಿನ ಸಾಮಾನ್ಯ ವಿಧಾನದಲ್ಲಿ ಅದು ಸುಮಾರು 330ಕ್ಕೆ ಇಳಿಯುತ್ತದೆ. ನಡುವೆ ಬಿಟ್ಟುಹೋಗುವುದು ಕಿವಿ ಗಮನಿಸದ ಅಂಶಗಳೇ ಎಂದು ಆ ತಂತ್ರ ಲೆಕ್ಕ ಹಾಕುತ್ತದೆ, ಬಹುತೇಕ ಸರಿಯೂ ಹೌದು. ಆದರೆ ತಂಬೂರಿಯ ಜೀವಾಳದಿಂದ (ತಂತಿಯ ಕೆಳಗೆ ಸಿಕ್ಕಿಸುವ ನೂಲು) ಹೊಮ್ಮುವ ನವಿರಾದ ಸ್ವರಾಂಶಗಳು, ವೀಣೆಯ ಗಮಕ ಕರಗುವ ಕೊನೆ, ಇಂಥ ಕಡೆ ವ್ಯತ್ಯಾಸ ತಿಳಿಯುತ್ತದೆ. ಹಾಗಾಗಿ ನಿಮಗೆ ಪ್ರಿಯವಾದ ಸಿ.ಡಿ.ಗಳನ್ನು ಫ್ಲಾಕ್ ರೂಪದಲ್ಲಿ ಪೆನ್‌ಡ್ರೈವಿಗೆ ಹಾಕಿಕೊಳ್ಳಿ. ಅದು ಒಂದಂಶವನ್ನೂ ಕಳೆಯದೆ ಕಡತವನ್ನು ಹೆಚ್ಚುಕಡಿಮೆ ಅರ್ಧಕ್ಕೆ ಇಳಿಸುತ್ತದೆ. ಫೋನಿನಿಂದಲೇ ಕೇಳುವುದಾದರೆ ಸಾಧ್ಯವಾದಾಗ ತಂತಿ ಜೋಡಿಸಿ, ಆ್ಯಪಿನ ಗುಣಮಟ್ಟದ ಆಯ್ಕೆಯನ್ನು ಅತಿ ಮೇಲಕ್ಕೆ ಇಡಿ. ಹೆದ್ದಾರಿಯಲ್ಲಿ ಬ್ಲೂಟೂತ್ ಧಾರಾಳವಾಗಿ ಸಾಕು. ನಿಮ್ಮದು ಹಳೆಯ ಮುದ್ರಣವೆಂದಿರಿ. ಒಂದೇ ಮೈಕಿನ ಮೋನೊ ಮುದ್ರಣವಾದರೆ ಸುತ್ತುಧ್ವನಿಯ ಮೋಡ್ ಅನ್ನು ತಪ್ಪದೆ ಆಫ್ ಮಾಡಿಬಿಡಿ. ಅದು ಮೂಲದಲ್ಲಿಲ್ಲದ ಅನುರಣನವನ್ನು ಕಟ್ಟಿ ಹಿಂದಿನ ಸ್ಪೀಕರುಗಳಿಗೆ ಹಂಚುತ್ತದೆ. ಕಲಾವಿದರು ಎದುರಿಗೆ ಕೂತು ನುಡಿಸುವಂತಿದ್ದದ್ದು ಬಾವಿಯೊಳಗಿಂದ ಬಂದಂತಾಗುತ್ತದೆ.

ಒಂದು ಮಾತನ್ನು ನೀವು ಕೇಳದಿದ್ದರೂ ಹೇಳಬೇಕು. ಹೆದ್ದಾರಿಯಲ್ಲಿ ಕಳೆದುಹೋದ ತಂಬೂರಿಯನ್ನು ಹಿಡಿಯಲೆಂದು ವಾಲ್ಯೂಮ್ ಏರಿಸುತ್ತ ಹೋದರೆ ವೀಣೆ 85 ಡೆಸಿಬೆಲ್ ದಾಟುವುದು ನಿಮಗೆ ಗೊತ್ತೇ ಆಗುವುದಿಲ್ಲ, ಏಕೆಂದರೆ ಒಳ್ಳೆಯ ವ್ಯವಸ್ಥೆಯಲ್ಲಿ ಜೋರು ಸದ್ದು ಕರ್ಕಶವಾಗುವುದಿಲ್ಲ. ವಾರಕ್ಕೆ 40 ಗಂಟೆ ಕೇಳುವವರಿಗೆ 80 ಡೆಸಿಬೆಲ್ ಮಿತಿಯೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಪ್ರತಿ 3 ಡೆಸಿಬೆಲ್ ಏರಿಕೆಗೂ ಕಿವಿ ತಾಳುವ ಅವಧಿ ಅರ್ಧಕ್ಕಿಳಿಯುತ್ತದೆ. ಹಿಂದಿನ ಆಂಬುಲೆನ್ಸಿನ ಸೈರನ್ ಕೇಳಿಸದಷ್ಟು ಸದ್ದು ಎಂದಿಗೂ ಬೇಡ. ಓಡುವಾಗ ಮೃದಂಗ, ಪಿಟೀಲು ಕೂಡಿದ ತುಂಬಿದ ಕಚೇರಿ ಕೇಳಿ. ಆಲಾಪನೆಯನ್ನು ಕಾರು ನಿಂತಾಗಕ್ಕೆ ಉಳಿಸಿಕೊಳ್ಳಿ.

ನಿಂತ ಕಾರಿನಲ್ಲಿ ಅರ್ಧ ಗಂಟೆ ಕೇಳಿದರೆ ಆರೋಗ್ಯವಾಗಿರುವ ಬ್ಯಾಟರಿಗೆ ಏನೂ ಆಗುವುದಿಲ್ಲ. ದಿನವೂ ಗಂಟೆಗಟ್ಟಲೆ ಕೇಳಿ ಕಾರನ್ನು ಓಡಿಸದೇ ಇದ್ದರೆ ಅದು ಸೊರಗುತ್ತದೆ. ಬ್ಯಾಟರಿ ಉಳಿಸಲೆಂದು ಮುಚ್ಚಿದ ಗ್ಯಾರೇಜಿನಲ್ಲಿ ಎಂಜಿನ್ ಚಾಲೂ ಇಟ್ಟು ಕೇಳುವ ಅಭ್ಯಾಸವನ್ನು ಮಾತ್ರ ಎಂದೂ ಮಾಡಿಕೊಳ್ಳಬೇಡಿ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಅದು ಪ್ರಾಣಕ್ಕೇ ಎರವಾಗುತ್ತದೆ.

ಕೊನೆಗೆ ಆ ಜಿರ್ರೆನ್ನುವ ಸದ್ದು. ಸ್ಪೀಕರು ಹರಿದಿರಬಹುದೆಂದು ಹೆದರಿದ್ದೀರಿ, ಬಹುಪಾಲು ಹಾಗಿರುವುದಿಲ್ಲ. ಸೆಡಾನಿನಲ್ಲಿ ಸಬ್‌ವೂಫರ್ ಹೆಚ್ಚಾಗಿ ಹಿಂದಿನ ಗಾಜಿನ ಕೆಳಗಿನ ಹಲಗೆಯಲ್ಲಿರುತ್ತದೆ, ಆ ಹಲಗೆಯಲ್ಲೋ ಅದರ ಸುತ್ತಲಲ್ಲೋ ಸಡಿಲವಾದ ಯಾವುದೋ ಒಂದು ವಸ್ತು ತನ್ನ ಸ್ವಂತ ಕಂಪನದ ಶ್ರುತಿಗೆ ಸರಿಯಾಗಿ ಮೃದಂಗದ ‘ಗುಂ’ ಬಂದಾಗ ತಾನೂ ನಡುಗುತ್ತದೆ. ಎಂಜಿನ್ ಆರಿಸಿ, 30ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಒಂಟಿ ಸ್ವರವನ್ನು ಸಾಧಾರಣ ಮಟ್ಟದಲ್ಲಿ ನುಡಿಸಿ. ಸದ್ದು ಹುಟ್ಟಿದ ಸಂಖ್ಯೆಯನ್ನು ಬರೆದಿಟ್ಟು, ಆ ಸ್ವರವನ್ನೇ ನಿಲ್ಲಿಸಿ ಹಿಡಿದು, ಇನ್ನೊಬ್ಬರಿಂದ ಹಲಗೆ, ಹಿಂದಿನ ಬ್ರೇಕ್ ದೀಪದ ಚಿಪ್ಪು, ಸೀಟ್ ಬೆಲ್ಟಿನ ಕೊಕ್ಕೆ, ಡಿಕ್ಕಿಯೊಳಗಿನ ಸಲಕರಣೆ, ಹೊರಗಿನ ನಂಬರ್ ಪ್ಲೇಟನ್ನು ಒಂದೊಂದಾಗಿ ಒತ್ತಿಸಿ. ಯಾವುದನ್ನು ಒತ್ತಿದಾಗ ನಿಂತಿತೋ ಅದೇ ಕಳ್ಳ. ಬೆಲ್ಟಿನ ಕೊಕ್ಕೆಯಾದರೆ ನೀವೇ ಸರಿಪಡಿಸಬಹುದು. ಹಲಗೆಯಾದರೆ ವಾರಂಟಿಯಲ್ಲಿ ಸರ್ವೀಸಿನವರು ಮಾಡಿಕೊಡಬೇಕು, ಆಗ ‘ಏನೋ ಸದ್ದು’ ಎನ್ನದೆ ‘ಇಷ್ಟು ಹರ್ಟ್ಜ್‌ನಲ್ಲಿ, ಇಲ್ಲಿಂದ’ ಎಂದು ಆ ಸ್ವರವನ್ನೇ ನುಡಿಸಿ ತೋರಿಸಿ. ಅದು ಸರಿಹೋದ ಮೇಲೆ ತನಿ ಆವರ್ತನ (ಮೃದಂಗ ಮುಂತಾದ ತಾಳವಾದ್ಯಗಳಷ್ಟೇ ನುಡಿಯುವ ಭಾಗ) ಇರುವ ಒಂದು ಕಚೇರಿಯನ್ನು ಹಾಕಿ ಕೇಳಿ. ಎಡಬದಿಯ ನಾದ ಹೇಗೆ ಬಂತೆಂದು ನನಗೆ ಬರೆಯಿರಿ.

— ಸಂಪಾದಕ